ಡಿಕ್ಕಿಯಲ್ಲಿ ಐದು ಸೇರು ಅಕ್ಕಿ

ಬೆಳಗಿನ ಜಾವ ನಾಲ್ಕೂವರೆಗೆ ಹನುಮಂತನಗರದ ಮನೆ ಮುಂದೆ ಕಾರು ನಿಲ್ಲಿಸಿದಾಗ ದೊಡ್ಡಮ್ಮ ಆಗಲೇ ಗೇಟಿನ ಹತ್ತಿರ ನಿಂತಿದ್ದರು. ಒಂದು ಕೈಯಲ್ಲಿ ಪುಳಿಯೋಗರೆ ಡಬ್ಬಿ, ಇನ್ನೊಂದು ಕೈಯಲ್ಲಿ ಬಟ್ಟೆ ಚೀಲ. ಹಳೇ ದಿಂಬಿನ ಕವರನ್ನು ತಿರುವಿ ತಾವೇ ಹೊಲಿದ ಚೀಲ. ಅದರೊಳಗೆ ಐದು ಸೇರು ಸೋನಾ ಮಸೂರಿ.

"ಹೊರನಾಡಿನ ಅಮ್ಮನಿಗೆ ಕಣೋ, ಹರಕೆ."

"ಯಾವಾಗಿಂದು ದೊಡ್ಡಮ್ಮ?"

"ನಿನ್ನ ಎಸ್ಸೆಸ್ಸೆಲ್ಸಿದು."

ನಾನು ಎಸ್ಸೆಸ್ಸೆಲ್ಸಿ ಪಾಸಾಗಿ 26 ವರ್ಷ ಆಯ್ತು. ಬಡ್ಡಿ ಲೆಕ್ಕ ಹಾಕಿದ್ದರೆ ಲಾರಿಯೇ ಬೇಕಾಗ್ತಿತ್ತು.

ಫೆಬ್ರವರಿ, ನಾಲ್ಕು ದಿನ ರಜ. ಕಾರಿನಲ್ಲಿ ನಾನು, ಅಮ್ಮ, ಅಮ್ಮನ ಅಕ್ಕ ಅಂದರೆ ದೊಡ್ಡಮ್ಮ, ಮತ್ತು ಒಂಬತ್ತು ವರ್ಷದ ಮಗಳು. ಹೆಂಡತಿಗೆ ಆಫೀಸಿನಲ್ಲಿ ತಿಂಗಳ ಕೊನೆಯ ಲೆಕ್ಕ ಮುಗಿದಿರಲಿಲ್ಲ, ಬರಲಿಲ್ಲ. ಕುಕ್ಕೆ, ಧರ್ಮಸ್ಥಳ, ಉಡುಪಿ, ಕೊಲ್ಲೂರು, ಶೃಂಗೇರಿ, ಹೊರನಾಡು. ಬೆಂಗಳೂರಿನವರ ಮಾಮೂಲಿ ಸುತ್ತು ಇದು, ಪ್ರತಿ ಮನೆಯಲ್ಲೂ ಒಂದು ಸಲವಾದರೂ ಆಗಿರುತ್ತೆ. ನಾನು ಅಂಥ ಭಕ್ತನೇನಲ್ಲ. ಡ್ರೈವರ್ ಅಂತ ಕರೆದುಕೊಂಡು ಹೋದರು ಅಷ್ಟೇ.

ಐದು ಗಂಟೆಗೆ ಮುಂಚೆ ಗೊರಗುಂಟೆಪಾಳ್ಯ ದಾಟಿದರೆ ಅರ್ಧ ಪುಣ್ಯ ಬಂದ ಹಾಗೆ. ನೆಲಮಂಗಲ, ಕುಣಿಗಲ್, ಬೆಳ್ಳೂರು ಕ್ರಾಸ್ ಎಲ್ಲಾ ಸಲೀಸಾಗಿ ಹೋಯ್ತು. ದರ್ಶನ ಆಗೋವರೆಗೂ ಹೋಟೆಲ್ ತಿಂಡಿ ಬೇಡ ಅಂತ ದೊಡ್ಡಮ್ಮನ ಕಟ್ಟಪ್ಪಣೆ ಇತ್ತು, ಹಾಗಾಗಿ ಹಾಸನದ ಆಚೆ ಒಂದು ಮರದ ಕೆಳಗೆ ಪುಳಿಯೋಗರೆ. ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುವಾಗ ಮಗಳು ಒಂದು ಸಲ ವಾಂತಿ ಮಾಡಿಕೊಂಡಳು. ಗುಂಡ್ಯದಲ್ಲಿ ಎಡಕ್ಕೆ ತಿರುಗಿ ಕುಕ್ಕೆ ಸೇರಿದಾಗ ಹನ್ನೊಂದೂವರೆ. ಬೆಂಗಳೂರಿಂದ ಹತ್ತಿರ ಹತ್ತಿರ 280 ಕಿಲೋಮೀಟರ್.

ಕುಮಾರಧಾರಾದಲ್ಲಿ ಕಾಲು ತೊಳೆದು ಒಳಗೆ ಹೋದೆವು. ಗಂಡಸರಿಗೆ ಒಂದು ಮಾತು: ಈ ಸುತ್ತಿಗೆ ಹೊರಡುವಾಗ ಟೀ ಶರ್ಟ್ ಬೇಡ, ಗುಂಡಿ ಇರುವ ಶರಟು ಹಾಕಿಕೊಳ್ಳಿ. ದಿನಕ್ಕೆ ಎಷ್ಟು ಸಲ ಬಿಚ್ಚಿ ಹಾಕಬೇಕೋ ಲೆಕ್ಕವೇ ಇಲ್ಲ. ಸರ್ಪಸಂಸ್ಕಾರ ಮಾಡಿಸೋರು ಮೊದಲೇ ಬುಕ್ ಮಾಡಿ ಎರಡು ದಿನ ಅಲ್ಲೇ ಉಳಿಯಬೇಕು. ನಮ್ಮದು ಬರೀ ದರ್ಶನ, ಆಮೇಲೆ ಊಟ.

ಆ ಊಟದಿಂದಲೇ ನನ್ನ ಪ್ರವಾಸ ಶುರುವಾಯ್ತು ಅನ್ನಬಹುದು. ದೊಡ್ಡಮ್ಮ ಸಾರು ಕಲಸಿ ಒಂದು ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದರು. ದೇವರ ಮುಂದೆಯೂ ಅಷ್ಟು ಹೊತ್ತು ಮುಚ್ಚಿರಲಿಲ್ಲ. "ಮೆಣಸು ಜಾಸ್ತಿ, ಹುಳಿ ಕಮ್ಮಿ. ಆದ್ರೆ ಬಿಸಿ ಇದೆ." ಸಾವಿರಾರು ಜನರಿಗೆ ಮಾಡುವ ಸಾರಿಗೆ ಹೀಗೆ ಮಾರ್ಕ್ಸ್ ಕೊಡೋದು ಸರಿಯಲ್ಲ ಅಲ್ವಾ ಅಂದೆ. "ಅಡುಗೆ ಮಾಡಿದೋರಿಗೆ ಗೊತ್ತಾಗ್ಬೇಕು ಯಾರೋ ರುಚಿ ನೋಡಿ ತಿಂತಿದಾರೆ ಅಂತ" ಅಂದರು. ಆ ಮಾತು ನನಗೆ ಹಿಡಿಸಿತು. ಅಲ್ಲಿಂದ ಮುಂದೆ ಪ್ರತಿ ಪಂಕ್ತಿಯಲ್ಲೂ ಅವರ ತೀರ್ಪಿಗೆ ಕಾಯುತ್ತಿದ್ದೆ.

ಧರ್ಮಸ್ಥಳದಲ್ಲಿ ರಾತ್ರಿ ಉಳಿದೆವು. ಮಗಳಿಗೆ ಅಲ್ಲಿ ತಲೆ ಕೆಟ್ಟಿತು. ದೇವರು ಮಂಜುನಾಥ, ಅಂದರೆ ಶಿವ. ಪೂಜೆ ಮಾಡೋರು ವೈಷ್ಣವರು. ದೇವಸ್ಥಾನ ನಡೆಸೋ ಹೆಗ್ಗಡೆ ಮನೆತನದವರು ಜೈನರು. ಗುಡ್ಡದ ಮೇಲೆ 39 ಅಡಿ ಬಾಹುಬಲಿ. "ಯಾರಿಗೆ ಯಾರು ನಮಸ್ಕಾರ ಮಾಡಬೇಕು ಅಪ್ಪಾ?" ಎಲ್ಲರಿಗೂ ಮಾಡು ಅಂದೆ. ಆ ಮೂರ್ತಿಯನ್ನು ಕಾರ್ಕಳದಲ್ಲಿ ಕೆತ್ತಿದವರು ರೆಂಜಾಳ ಗೋಪಾಲ ಶೆಣೈ, ಅಲ್ಲಿಂದ ಸಾಗಿಸಿ ತಂದು ನಿಲ್ಲಿಸಿ ಮಸ್ತಕಾಭಿಷೇಕ ಮಾಡಿದ್ದು 1982ರಲ್ಲಿ. ಇಲ್ಲಿಯ ಸಾರಿಗೆ ದೊಡ್ಡಮ್ಮನ ತೀರ್ಪು: "ನೀರು. ಆದ್ರೆ ಪಾಯಸ ಚೆನ್ನಾಗಿದೆ."

ಮಾರನೇ ದಿನ ಉಡುಪಿ. ರಥಬೀದಿಗೆ ಬಂದರೆ ಸುತ್ತ ಎಂಟು ಮಠ, ಮಧ್ಯೆ ಕೃಷ್ಣ. ಹನ್ನೆರಡು ಸಲ ಓದಿದ್ದರೂ ಆ ಬೆಳ್ಳಿಯ ನವಗ್ರಹ ಕಿಂಡಿಯ ಮುಂದೆ ನಿಂತಾಗ ಮೈ ಜುಮ್ ಅಂದಿದ್ದು ನಿಜ. ಒಂಬತ್ತು ತೂತು, ಅದರೊಳಗೆ ಎಣ್ಣೆ ದೀಪದ ಬೆಳಕು, ಅಷ್ಟು ದೂರದಲ್ಲಿ ಕಡೆಗೋಲು ಹಿಡಿದ ಪುಟ್ಟ ಹುಡುಗ. ಬಾಗಿ ನೋಡುತ್ತಿದ್ದ ಹಾಗೇ ಹಿಂದಿನಿಂದ "ಮುಂದೆ ಹೋಗಿ" ಅಂತ ತಳ್ಳಿದರು. ನಾಲ್ಕು ಸೆಕೆಂಡು ಸಿಕ್ಕಿರಬಹುದು. ಹೊರಗಿನ ಗೋಡೆಯ ಕನಕನ ಕಿಂಡಿಯ ಹತ್ತಿರ ಮಾತ್ರ ಯಾರೂ ತಳ್ಳಲಿಲ್ಲ, ಬೇಕಾದಷ್ಟು ಹೊತ್ತು ನಿಂತೆ. ಕನಕದಾಸರು ಹೊರಗೇ ನಿಂತು ಹಾಡಿದ್ದಕ್ಕೆ ಕೃಷ್ಣ ಪಶ್ಚಿಮಕ್ಕೆ ತಿರುಗಿದ ಅಂತ ಕಥೆ. ಒಳಗೆ ಬಿಡದವನಿಗೆ ದೇವರೇ ತಿರುಗಿದ. ದುಡ್ಡು ಕೊಟ್ಟು ವಿಶೇಷ ದರ್ಶನದ ಸಾಲಿನಲ್ಲಿ ನುಗ್ಗೋ ನಮ್ಮಂಥವರಿಗೆ ಈ ಕಥೆ ಯಾಕೋ ಚುಚ್ಚುತ್ತೆ.

ಉಡುಪಿ ಅನ್ನಬ್ರಹ್ಮ, ತಿರುಪತಿ ಕಾಂಚನಬ್ರಹ್ಮ, ಪಂಢರಪುರ ನಾದಬ್ರಹ್ಮ ಅಂತ ಅಮ್ಮ ಊಟಕ್ಕೆ ಕೂತಾಗಲೇ ಹೇಳಿದರು. ಅವತ್ತು ಹುಳಿಯಲ್ಲಿ ಬದನೆಕಾಯಿ. ತಿಳಿ ಹಸಿರು, ದುಂಡಗೆ, ಬೆಂದರೂ ಕರಗಿ ಹೋಗದ ಹೋಳು. ಮಟ್ಟುಗುಳ್ಳ! ಹತ್ತಿರದ ಮಟ್ಟು ಊರಿನಲ್ಲಿ ಬೆಳೆಯುವ ತಳಿ, 2011ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿದೆ. ಇದರ ಬೀಜ ಕೊಟ್ಟಿದ್ದು ಸೋದೆಯ ವಾದಿರಾಜರು ಅಂತ ನಂಬಿಕೆ. ಧರ್ಮಸ್ಥಳದಲ್ಲಿ ಮಂಜುನಾಥನನ್ನು ಪ್ರತಿಷ್ಠೆ ಮಾಡಿದವರೂ ಅವರೇ, ಉಡುಪಿಯ ಎಂಟು ಮಠದವರು ಸರದಿಯಲ್ಲಿ ಕೃಷ್ಣನ ಪೂಜೆ ಮಾಡುವ, ಎರಡೆರಡು ತಿಂಗಳಿದ್ದ ಪರ್ಯಾಯವನ್ನು ಎರಡು ವರ್ಷಕ್ಕೆ ಬದಲಾಯಿಸಿದವರೂ ಅವರೇ. ದೊಡ್ಡಮ್ಮ ಎಲ್ಲವನ್ನೂ ಕೇಳಿಸಿಕೊಂಡು "ಬದನೆಕಾಯಿ ಕೊಟ್ಟಿದ್ದೇ ದೊಡ್ಡದು ಬಿಡು" ಅಂದರು. ಒಗ್ಗರಣೆಗೆ ಕೊಬ್ಬರಿ ಎಣ್ಣೆ ಹಾಕಿದ್ದಕ್ಕೆ ಮಾತ್ರ ಅರ್ಧ ಮಾರ್ಕ್ಸ್ ಕಟ್. ರಾತ್ರಿ ಉಳಿದ ಲಾಡ್ಜಿನ ಬಗ್ಗೆ ಏನೂ ಹೇಳಲ್ಲ, ಹೆಸರೂ ಬೇಡ. ಗೀಸರ್ ಸ್ವಿಚ್ ಮುಟ್ಟಿದರೆ ಪಕ್ಕದ ರೂಮಿನ ಫ್ಯಾನ್ ತಿರುಗುತ್ತಿತ್ತು, ಅಷ್ಟೇ.

ಮೂರನೇ ದಿನ ಮರವಂತೆಯಲ್ಲಿ ಹತ್ತು ನಿಮಿಷ ನಿಂತೆವು. ಹೆದ್ದಾರಿಯ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ. ಕೊಲ್ಲೂರಿನ ಸಾಲಿನಲ್ಲಿ ಕನ್ನಡಕ್ಕಿಂತ ಮಲಯಾಳಂ ಜಾಸ್ತಿ ಕೇಳುತ್ತೆ. ಸರಸ್ವತಿ ಮಂಟಪದ ಹತ್ತಿರ ಪುಟ್ಟ ಮಕ್ಕಳಿಗೆ ಅಕ್ಕಿಯ ಮೇಲೆ ಅಕ್ಷರ ಬರೆಸುತ್ತಿದ್ದರು. ರಾತ್ರಿ ಪೂಜೆ ಆದ ಮೇಲೆ ಕೊಡುವ ಕಷಾಯ ತಪ್ಪಿತಲ್ಲ ಅಂತ ದೊಡ್ಡಮ್ಮನಿಗೆ ಬೇಜಾರು. ಸಂಜೆಯೊಳಗೆ ಆಗುಂಬೆ ಹತ್ತಬೇಕು, ಏನು ಮಾಡೋದು.

ಹೆಬ್ರಿ, ಸೋಮೇಶ್ವರ ದಾಟಿದ ಮೇಲೆ 14 ತಿರುವು. ಮಗಳು ಬೆರಳು ಮಡಿಚಿ ಎಣಿಸುತ್ತಿದ್ದಳು. ಒಂಬತ್ತನೇ ತಿರುವಿನಲ್ಲಿ ಮೇಲಿಂದ ಒಂದು ಮಿನಿ ಬಸ್ ಬಂತು, ನಾನು ಬ್ರೇಕ್ ಒತ್ತಿದೆ, ಡಿಕ್ಕಿಯಲ್ಲಿ ಏನೋ ದಡಕ್ ಅಂತು. ತೆಂಗಿನಕಾಯಿ ಉರುಳಿರಬೇಕು ಅಂದುಕೊಂಡು ಸುಮ್ನೆ ಹತ್ತಿದೆ. ಸೂರ್ಯಾಸ್ತ ನೋಡುವ ಕಟ್ಟೆಯಲ್ಲಿ ಮಂಜು ಕವಿದು ಸೂರ್ಯ ಸಮುದ್ರ ಎರಡೂ ಕಾಣಲಿಲ್ಲ.

ಶೃಂಗೇರಿಯಲ್ಲಿ ಡಿಕ್ಕಿ ತೆಗೆದರೆ ಅಕ್ಕಿಚೀಲ ಬಾಡಿದ ಬದನೆಕಾಯಿ ಥರ ಮಲಗಿತ್ತು. ಹೊಲಿಗೆ ಬಿಚ್ಚಿಕೊಂಡು ಅರ್ಧಕ್ಕರ್ಧ ಅಕ್ಕಿ ಮ್ಯಾಟ್ ಮೇಲೆ, ಮ್ಯಾಟ್ ಅಂಚಿನಿಂದ ಸ್ಟೆಪ್ನಿ ಗುಂಡಿಗೆ. ದೊಡ್ಡಮ್ಮ ಬೈಯಲಿಲ್ಲ, ಅದೇ ಭಯ ಆಗಿದ್ದು. ಮೇಲೆ ಸಿಕ್ಕಿದ್ದನ್ನು ಕಾಫಿ ಲೋಟದಲ್ಲಿ ತುಂಬಿಕೊಂಡರು. ರಾತ್ರಿ ಮಠದ ಊಟದಲ್ಲಿ ಸಾರಿನ ಬಗ್ಗೆ ಒಂದು ಮಾತಿಲ್ಲ. ನನಗೆ ಅಲ್ಲಿಯ ಸಾರೇ ಎಲ್ಲಕ್ಕಿಂತ ಇಷ್ಟವಾಗಿತ್ತು, ಹೇಳಲು ಧೈರ್ಯ ಬರಲಿಲ್ಲ. ಬೆಳಿಗ್ಗೆ ಶಾರದೆಯ ದರ್ಶನ ಮಾಡಿ, ವಿದ್ಯಾಶಂಕರ ದೇವಸ್ಥಾನದ 12 ರಾಶಿ ಕಂಬಗಳಲ್ಲಿ ಮಗಳ ರಾಶಿ ಹುಡುಕಿ, ತುಂಗೆಯ ಮೀನುಗಳಿಗೆ ಪುರಿ ಹಾಕಿ ಹೊರಟೆವು.

ಜಯಪುರ ದಾಟಿ ಕಾಫಿ ತೋಟದ ಮಧ್ಯೆ ಹಿಂದಿನ ಟೈರು ಪಂಕ್ಚರ್. ಸಾಮಾನೆಲ್ಲ ಇಳಿಸಿ ಸ್ಟೆಪ್ನಿ ಎತ್ತಿದೆ. ಕೆಳಗೆ ಗುಂಡಿ ತುಂಬಾ ಬೆಳ್ಳಗೆ ಅಕ್ಕಿ. ದೊಡ್ಡಮ್ಮ ಬಗ್ಗಿ ನೋಡಿದವರೇ ಜೋರಾಗಿ ನಕ್ಕರು. "ನೋಡಿದ್ಯೇನೋ, ಅವಳ ಅಕ್ಕಿ ಬಿಡ್ತಾಳಾ? ಅದಕ್ಕೇ ಟೈರು ಕೆಡಿಸಿದ್ದು!"

ನಾನು ಜ್ಯಾಕ್ ಕೊಡುತ್ತಿದ್ದೆ. ಅವರು ಗೋರಿ ಗೋರಿ ಸೆರಗಿಗೆ ತುಂಬಿಕೊಳ್ಳುತ್ತಿದ್ದರು. ತೋಟದ ಲೈನ್ ಮನೆಯಿಂದ ಒಬ್ಬ ಹೆಂಗಸು ಬಂದು ನೋಡಿದರು, ಏನೂ ಕೇಳದೆ ವಾಪಸ್ ಹೋಗಿ ಒಂದು ಮೊರ ತಂದರು. ಇಬ್ಬರೂ ರಸ್ತೆ ಬದಿ ಕುಕ್ಕರುಗಾಲಲ್ಲಿ ಕೂತರು. ಅವರು ಕೇರುವಾಗ ಧೂಳು ಹಾರಿ ಹೋಗುತ್ತಿತ್ತು, ಅಕ್ಕಿ ಒಂದೇ ತಾಳದಲ್ಲಿ ಎದ್ದು ಬೀಳುತ್ತಿತ್ತು, ಮಗಳು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಳು. ಗ್ರೀಸ್ ತಾಗಿದ ಒಂದೆರಡು ಹಿಡಿಯನ್ನು ಹಕ್ಕಿಗೆ ಅಂತ ಬೇಲಿ ಪಕ್ಕ ಹಾಕಿದರು. ಆ ಹೆಂಗಸಿಗೆ ಅಮ್ಮ ಶೃಂಗೇರಿಯ ಕುಂಕುಮ, ಪ್ರಸಾದ ಕೊಟ್ಟರು. ನಾಲ್ಕು ದಿನದಲ್ಲಿ ಮನಸ್ಸಿಟ್ಟು ನೋಡಿದ ಪೂಜೆ ಯಾವುದು ಅಂದರೆ ನಾನು ಆ ಮೊರವನ್ನೇ ಹೇಳುತ್ತೇನೆ.

ಹೊರನಾಡಿನಲ್ಲಿ ಅನ್ನಪೂರ್ಣೇಶ್ವರಿ ನಿಂತಿದ್ದಾಳೆ, ಮೈ ತುಂಬಾ ಬಂಗಾರ. ಅಕ್ಕಿ ಒಪ್ಪಿಸುವಾಗ ದೊಡ್ಡಮ್ಮ ಮೆಲ್ಲಗೆ "ನಾಲ್ಕು ಸೇರಿಗೆ ಸ್ವಲ್ಪ ಜಾಸ್ತಿ ಇದೆ ತಾಯಿ, ಉಳಿದಿದ್ದು ಇವನ ಕಾರಲ್ಲಿದೆ" ಅಂದಿದ್ದು ನನಗೆ ಕೇಳಿಸಿತು. ಊಟಕ್ಕೆ ಕೂತೆವು. ಸಾರು ಬಡಿಸಿದರು. ನಾನು ಕಾದೆ. ದೊಡ್ಡಮ್ಮ ಏನೂ ಹೇಳದೆ ಎರಡನೇ ಸಲ ಅನ್ನ ಹಾಕಿಸಿಕೊಂಡರು.

ಕೊಟ್ಟಿಗೆಹಾರದಲ್ಲಿ ನೀರುದೋಸೆ, ಬೇಲೂರು ಬೈಪಾಸು, ಹಾಸನ, ರಾತ್ರಿ ಹತ್ತಕ್ಕೆ ಮತ್ತೆ ಗೊರಗುಂಟೆಪಾಳ್ಯದ ಟ್ರಾಫಿಕ್. ಹೋದ ವಾರ ಸರ್ವಿಸಿಗೆ ಬಿಟ್ಟಾಗ ಮೆಕ್ಯಾನಿಕ್ ಹುಡುಗ ಕೇಳಿದ, "ಸಾರ್, ಡಿಕ್ಕಿಯಲ್ಲಿ ಅಕ್ಕಿ ಇದೆ, ವ್ಯಾಕ್ಯೂಮ್ ಹೊಡೀಲಾ?" ಬೇಡ ಬಿಡಪ್ಪ ಅಂದೆ.