ಏಪ್ರಿಲ್ ಬಿಸಿಲಿಗೆ ನೀಲಿ ಕೋಟು

ಕಲಬುರಗಿ, 14 ಏಪ್ರಿಲ್ 2025, ಸೋಮವಾರ, ರಾತ್ರಿ 11.40

ಮೆರವಣಿಗೆ ಮುಗಿಸಿ ಈಗಷ್ಟೇ ಮನೆಗೆ ಬಂದೆವು. ಕೂದಲಲ್ಲಿ, ಕಿವಿಯ ಹಿಂದೆ, ಚಪ್ಪಲಿಯ ಪಟ್ಟಿಯಲ್ಲಿ ಕೂಡ ನೀಲಿ ಗುಲಾಲು. ಮಗಳು ಸ್ನಾನಕ್ಕೆ ಹೋಗಿದ್ದಾಳೆ. ಇಷ್ಟು ಹೊತ್ತಾದರೂ ಗೋಡೆ ಮುಟ್ಟಿದರೆ ಬೆಚ್ಚಗಿದೆ, ಫ್ಯಾನು ಹಗಲಿನ ಬಿಸಿಯನ್ನೇ ಮತ್ತೆ ಮತ್ತೆ ಮೇಲಿಂದ ಸುರಿಯುತ್ತಿದೆ. ನಿದ್ದೆ ಬರುವಂತಿಲ್ಲ.

ವರ್ಷದಲ್ಲಿ ಎಷ್ಟು ಹಬ್ಬ ಬಂದರೂ ನನಗೆ ದೊಡ್ಡ ಹಬ್ಬ ಅಂಬೇಡ್ಕರ್ ಜಯಂತಿ. ಈ ವರ್ಷದ್ದು 134ನೆಯದು. ಆದರೆ ನನ್ನ ಲೆಕ್ಕ ಶುರುವಾಗುವುದು ನೂರನೆಯದರಿಂದ. 1991ರ ಏಪ್ರಿಲ್ 14, ರವಿವಾರ. ಆಗ ನನಗೆ ಹತ್ತು ವರ್ಷ. ನಾಲ್ಕನೇ ಇಯತ್ತೆಯ ಪರೀಕ್ಷೆ ಮುಗಿದಿತ್ತು.

ನಮ್ಮೂರು ಚಿತ್ತಾಪುರ ತಾಲ್ಲೂಕಿನಲ್ಲಿ, ಕಾಗಿಣಾ ನದಿಯ ಕಡೆ. ಅಪ್ಪ ಶಹಾಬಾದ್ ಕಲ್ಲಿನ ಗಣಿಯಲ್ಲಿ ದುಡಿಯುತ್ತಿದ್ದ. ಮನೆಯ ನೆಲಕ್ಕೂ ಅದೇ ಕಲ್ಲು, ಮಾಡಿಗೂ ಅದೇ ಕಲ್ಲು. ಬೇಸಿಗೆಯಲ್ಲಿ ಆ ಮನೆಯೊಳಗೆ ಮಲಗುವುದೆಂದರೆ ಹಂಚಿನ ಮೇಲೆ ರೊಟ್ಟಿ ಮಲಗಿದಂತೆ. ಹಿಂದಿನ ವರ್ಷವಷ್ಟೇ ಬಾಬಾಸಾಹೇಬರಿಗೆ ಭಾರತ ರತ್ನ ಬಂದಿತ್ತು. ಶತಮಾನೋತ್ಸವ ಜೋರಾಗಬೇಕೆಂದು ಓಣಿಯ ಹಿರಿಯರು ತಿಂಗಳ ಮೊದಲೇ ಮಾತಾಡಿಕೊಂಡಿದ್ದರು. ಮನೆಗೊಂದು ಸೇರು ಗೋಧಿ, ಒಂದು ಅಚ್ಚು ಬೆಲ್ಲ. ಮುಂಬೈಯಲ್ಲಿ ಕಟ್ಟಡ ಕೆಲಸಕ್ಕಿದ್ದ ಕಾಕಾ, ಕಟ್ಟು ಹಾಕಿಸಿದ ಒಂದು ದೊಡ್ಡ ಫೋಟೊವನ್ನು ಇಡೀ ರಾತ್ರಿ ರೈಲಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದ. ವಾಡಿ ಜಂಕ್ಷನ್ನಿನಲ್ಲಿ ಇಳಿದವನು ಮನೆ ಮುಟ್ಟುವವರೆಗೂ ಅದನ್ನು ಯಾರ ಕೈಗೂ ಕೊಟ್ಟಿರಲಿಲ್ಲ.

ನೀಲಿ ಕೋಟು, ಬಿಳಿ ಅಂಗಿ, ಕೆಂಪು ಟೈ, ಕೈಯಲ್ಲಿ ಪುಸ್ತಕ. ನಾನು ಆ ಕೋಟನ್ನೇ ನೋಡುತ್ತಿದ್ದೆ. ನಮ್ಮ ಓಣಿಯ ಗಂಡಸರು ಏಪ್ರಿಲಿನಲ್ಲಿ ಅಂಗಿಯನ್ನು ಸಹ ಹೆಗಲ ಮೇಲೆ ಹಾಕಿಕೊಂಡು ಓಡಾಡುವವರು. ಅಷ್ಟು ದಪ್ಪ ಕೋಟನ್ನು ಮದುವೆಯ ಮದುಮಗನ ಮೈಮೇಲೂ ನಾನು ಕಂಡಿರಲಿಲ್ಲ.

“ಆಯಿ, ಇಷ್ಟು ಧಗೆಯಲ್ಲಿ ಬಾಬಾಸಾಹೇಬರು ಕೋಟು ಯಾಕೆ ಹಾಕಿಕೊಂಡಿದ್ದಾರೆ?”

ಆಯಿ, ಅಂದರೆ ನನ್ನ ಅಜ್ಜಿ, ಗೋಧಿ ಹಸನು ಮಾಡುತ್ತಿದ್ದಳು. ಮೊರದಿಂದ ಕಣ್ಣು ಎತ್ತಲಿಲ್ಲ. “ನಾವು ಮೈತುಂಬ ಉಟ್ಟರೆ ಕಣ್ಣು ಕೆಂಪು ಮಾಡುವವರು ಬಹಳ ಮಂದಿ ಇದ್ದರು. ಅವರಿಗೆ ಕಾಣಲಿ ಎಂದು ಹಾಕಿದ್ದಾರೆ” ಎಂದಳು.

ಆಯಿ ಹುಟ್ಟಿದ್ದು ನಿಜಾಮರ ಆಳ್ವಿಕೆಯಲ್ಲಿ. ತಾನು ಹುಟ್ಟಿದ ದಿನ, ವರ್ಷ ಎರಡೂ ಅವಳಿಗೆ ಗೊತ್ತಿರಲಿಲ್ಲ. ಬಾಬಾಸಾಹೇಬರದು ಗೊತ್ತಿತ್ತು. ಸೀರೆಯನ್ನು ಯಾವಾಗಲೂ ಮೊಣಕಾಲಿನ ಕೆಳಗೆ ನಾಲ್ಕು ಬೆರಳಿಗೆ ನಿಲ್ಲುವಂತೆ ಎತ್ತಿ ಕಟ್ಟುತ್ತಿದ್ದಳು. ಹೊಲದ ಕೆಲಸಕ್ಕೆ ಅನುಕೂಲ ಎಂದು ನಾನು ತಿಳಿದಿದ್ದೆ. ಅವ್ವನೂ ಹೊಲಕ್ಕೆ ಹೋಗುತ್ತಿದ್ದಳು, ಆದರೆ ಅವಳ ಸೀರೆ ಹಾಗಿರಲಿಲ್ಲ ಎಂಬುದು ಆಗ ನನಗೆ ಹೊಳೆಯಲೇ ಇಲ್ಲ.

ಸಂಜೆ ಬಿಸಿಲು ಇಳಿದ ಮೇಲೆ ಎತ್ತಿನ ಗಾಡಿಗೆ ಬಾಳೆಕಂಬ ಕಟ್ಟಿ, ಫೋಟೊ ಇಟ್ಟು, ಪೆಟ್ರೋಮ್ಯಾಕ್ಸ್ ಹಚ್ಚಿದರು. ಹಲಗೆಯ ಮಾತು ಬರೆಯಲೇಬೇಕು. ಊರಲ್ಲಿ ಯಾರ ದೇವರು ಹೊರಟರೂ, ಯಾರ ಮನೆಯಲ್ಲಿ ಸಾವಾದರೂ ಹಲಗೆ ಬಾರಿಸುವುದು ನಮ್ಮವರ ಚಾಕರಿಯಾಗಿತ್ತು. ಆ ಸಂಜೆ ಅವರು ಯಾರ ಕರೆಗೂ ಕಾಯದೆ, ತಮ್ಮ ಮನೆಯ ಹಬ್ಬಕ್ಕೆಂದು ಬಾರಿಸಿದರು. ಹುಲ್ಲು ಉರಿಸಿ ಹಲಗೆ ಕಾಯಿಸುವಾಗಲೇ ಅವರ ಮುಖ ಬೇರೆ ಇತ್ತು. ಇಂದಿನ ಡಿಜೆ ಸದ್ದಿಗೆ ನನ್ನ ಎದೆ ನಡುಗುತ್ತದೆ ನಿಜ, ಕುಣಿಯುವ ಹುಡುಗರ ಖುಷಿಯೂ ನನಗೆ ಅರ್ಥವಾಗುತ್ತದೆ. ಆದರೆ ಆ ಸಂಜೆಯ ಹಲಗೆಯ ಪೆಟ್ಟನ್ನು ಅದು ಮುಟ್ಟಲಾರದು.

ಮೆರವಣಿಗೆ ಊರಬಾಗಿಲಾದ ಅಗಸಿಯವರೆಗೆ ಹೋಗಿ ತಿರುಗಿತು. ಒಳಗೆ ಹೋಗಲಿಲ್ಲ. ಅಗಸಿಯ ಆಚೆ ದೊಡ್ಡ ಬೀದಿ, ಗುಡಿ, ಸಿಹಿನೀರಿನ ಬಾವಿ. ಹೋರಿಗಳು ತಾವಾಗಿಯೇ ತಿರುಗಿದವೋ ಎಂಬಷ್ಟು ಸಲೀಸಾಗಿ ಗಾಡಿ ತಿರುಗಿತು, ಯಾರೂ ಏನೂ ಮಾತಾಡಲಿಲ್ಲ. ಮಕ್ಕಳಾದ ನಮಗೆ ಹುಗ್ಗಿಯ ಅವಸರ. ಮುತ್ತುಗದ ಎಲೆಯ ಮೇಲೆ ಬಿಸಿ ಹುಗ್ಗಿ, ಬದನೆಕಾಯಿ ಪಲ್ಯ. ಇಡೀ ಓಣಿ ಒಂದೇ ಸಾಲಿನಲ್ಲಿ ಕುಳಿತು ಉಂಡಿತು.

ಇನ್ನೊಂದು ಸಂಗತಿ ನೆನಪಿದೆ. ಮೆರವಣಿಗೆಯಲ್ಲಿ ಆಯಿ ಎಡವುತ್ತಿದ್ದಳು. ಅವತ್ತು ಅವಳು ಸೀರೆಯನ್ನು ಹಿಮ್ಮಡಿ ಮುಚ್ಚುವಷ್ಟು ಇಳಿಬಿಟ್ಟು ಉಟ್ಟಿದ್ದಳು. ರೂಢಿಯಿಲ್ಲದ ಉಡಿಗೆ, ನಿರಿಗೆ ಕಾಲಿಗೆ ತೊಡರುತ್ತಿತ್ತು. ನಾನು ಅವಳ ಕೈ ಹಿಡಿದುಕೊಂಡೇ ನಡೆದೆ.

ಅದರ ಅರ್ಥ ತಿಳಿದದ್ದು ಹನ್ನೆರಡು ವರ್ಷದ ನಂತರ. ಕಲಬುರಗಿಯಲ್ಲಿ ಹಾಸ್ಟೆಲ್ಲಿನಲ್ಲಿದ್ದು ಓದುವಾಗ ಮಹಾಡ್ ಸತ್ಯಾಗ್ರಹದ ಬಗ್ಗೆ ಓದಿದೆ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾರಾಷ್ಟ್ರದ ಆ ಊರಿನಲ್ಲಿ, ನಮ್ಮವರು ಮುಟ್ಟಬಾರದೆಂದಿದ್ದ ಚವದಾರ್ ಕೆರೆಯ ನೀರು ಕುಡಿದದ್ದು ಎಲ್ಲರಿಗೂ ಗೊತ್ತು. ಅದೇ ವರ್ಷ ಡಿಸೆಂಬರಿನಲ್ಲಿ ಮತ್ತೆ ಅಲ್ಲಿ ಸೇರಿದಾಗ ಅವರು ಹೆಂಗಸರೊಡನೆಯೇ ಪ್ರತ್ಯೇಕವಾಗಿ ಮಾತಾಡಿದ್ದರು. ಜಾತಿಯ ಗುರುತಾಗಿ ಸೀರೆಯನ್ನು ಮೇಲಕ್ಕೆ ಕಟ್ಟಬೇಡಿ, ಮೇಲುಜಾತಿಯ ಹೆಂಗಸರಂತೆ ಪಾದದವರೆಗೆ ಉಡಿ, ಬಟ್ಟೆ ಹರಿದಿದ್ದರೂ ಚೊಕ್ಕಟವಾಗಿರಲಿ, ಹೆಣ್ಣುಮಕ್ಕಳನ್ನು ಓದಿಸಿ ಎಂದಿದ್ದರು. ಅಲ್ಲಿದ್ದ ಹೆಂಗಸರು ಮಾತು ಮುಗಿದ ಕೂಡಲೇ ಸೀರೆ ಉಡುವ ರೀತಿ ಬದಲಿಸಿದರಂತೆ. ಗ್ರಂಥಾಲಯದಲ್ಲಿ ಆ ಪುಟದ ಮೇಲೆ ಕೈಯಿಟ್ಟುಕೊಂಡು ಎಷ್ಟೋ ಹೊತ್ತು ಕುಳಿತಿದ್ದೆ. ಮಹಾಡ್‌ನಿಂದ ಆ ಮಾತು ನಮ್ಮ ಕಾಗಿಣಾ ದಂಡೆಗೆ ಬಂದು ಮುಟ್ಟಲು ಅರವತ್ತಕ್ಕೂ ಹೆಚ್ಚು ವರ್ಷ ಹಿಡಿದಿತ್ತು. ಯಾರ ಬಾಯಿಂದ ಆಯಿಯ ಕಿವಿಗೆ ಬಿತ್ತೋ, ಕೇಳೋಣವೆಂದರೆ ಅಷ್ಟರಲ್ಲಿ ಆಯಿ ಇರಲಿಲ್ಲ.

ನನ್ನ ಜಯಂತಿ ಈಗ ನಗರದ್ದು. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ನಮ್ಮ ಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ. ಇಂದು ರಜೆಯಾದರೂ ಬೆಳಿಗ್ಗೆಯೇ ಹೋಗಿ ಭಾವಚಿತ್ರಕ್ಕೆ ಹೂವು ಏರಿಸಿ, ಎಲ್ಲರೂ ನಿಂತು ಸಂವಿಧಾನದ ಪೀಠಿಕೆ ಓದಿ ಬಂದೆವು. ನನಗೆ ಈ ಕೆಲಸ ಸಿಕ್ಕಿದ್ದು 371(ಜೆ) ಕಲಮಿನ ಅಡಿಯಲ್ಲಿ. 2012ರ 98ನೇ ತಿದ್ದುಪಡಿಯಿಂದ ನಮ್ಮ ಹಿಂದುಳಿದ ಜಿಲ್ಲೆಗಳಿಗೆಂದೇ ಸೇರಿದ ಕಲಮು ಅದು. “ಭಾರತದ ಜನತೆಯಾದ ನಾವು” ಎಂದು ಗಟ್ಟಿಯಾಗಿ ಓದುವಾಗ ಪ್ರತಿ ವರ್ಷವೂ ನನ್ನ ದನಿ ಒಂದು ಕ್ಷಣ ಕಟ್ಟುತ್ತದೆ. ಈ ಸಲವೂ ಕಟ್ಟಿತು.

ಮಧ್ಯಾಹ್ನ ಊರಿನ ತಮ್ಮ ಫೋನ್ ಮಾಡಿದ. ಟ್ರ್ಯಾಕ್ಟರ್ ಮೆರವಣಿಗೆ ಅಗಸಿ ದಾಟಿ ದೊಡ್ಡ ಬೀದಿಯಲ್ಲಿ ಹೋಗಿ ಪಂಚಾಯಿತಿ ಮುಂದೆ ನಿಲ್ಲುತ್ತದೆಯಂತೆ. ಅದು ಕೆಲವು ವರ್ಷಗಳಿಂದ ಹಾಗೆಯೇ ನಡೆದಿದೆ. ಆದರೂ ನಾನು ಪ್ರತಿ ಸಲ ಕೇಳುತ್ತೇನೆ: “ಒಳಗೆ ಹೋಯಿತಾ?”

ಸಂಜೆ ಅವ್ವ, ನಾನು, ಮಗಳು ಜಗತ್ ವೃತ್ತಕ್ಕೆ ಹೊರಟೆವು. ಬಾಬಾಸಾಹೇಬರ ಪ್ರತಿಮೆ ಕಾಣದಷ್ಟು ಹೂಮಾಲೆ, ಕಣ್ಣು ಹಾಯಿಸಿದಷ್ಟು ದೂರ ನೀಲಿ ಬಾವುಟ. ರಸ್ತೆಯ ಎರಡೂ ಬದಿಗೆ ಮಜ್ಜಿಗೆ, ಶರಬತ್ತು, ತಣ್ಣೀರು. ಯಾರು ಕೊಡುತ್ತಾರೆ, ಯಾರು ಕುಡಿಯುತ್ತಾರೆ ಎಂದು ಕೇಳುವವರಿಲ್ಲ. ಒಂದು ಅರವಟಿಗೆಯ ಮುಂದೆ ಅವ್ವ ಎರಡು ಲೋಟ ಮಜ್ಜಿಗೆ ಕುಡಿದು, ಲೋಟವನ್ನು ಕೊಟ್ಟವನ ಕೈಗೇ ನೇರವಾಗಿ ಕೊಟ್ಟು, ಆಮೇಲೆ ನನ್ನ ಮುಖ ನೋಡಿದಳು. ನಾನು ಏನೂ ಹೇಳಲಿಲ್ಲ.

ಅವ್ವನಿಗೆ ಈಗ ಅರವತ್ತಾರು. ಮೊಣಕಾಲು ನೋವು. ಬಿಳಿ ಸೀರೆ ಉಟ್ಟಿದ್ದಳು, ನೆಲ ಗುಡಿಸುವಷ್ಟು ಉದ್ದಕ್ಕೆ. ನೂಕುನುಗ್ಗಲಿನಲ್ಲಿ ಎರಡು ಸಲ ನಿರಿಗೆ ತುಳಿದು ಮುಗ್ಗರಿಸಿದಳು. ಮಗಳು ಒಂದು ಕಡೆ, ನಾನು ಒಂದು ಕಡೆ ಹಿಡಿದುಕೊಂಡೆವು.

“ಸ್ವಲ್ಪ ಎತ್ತಿ ಸಿಕ್ಕಿಸಿಕೊ ಅವ್ವಾ, ಬಿದ್ದೀಯೆ” ಎಂದೆ.

“ಇವತ್ತು ಬೇಡ” ಎಂದಳು.

ಈಗ ಹೊರಗೆ ಕಟ್ಟೆಯ ಮೇಲೆ ಕುಳಿತು ಕಾಲು ಒತ್ತಿಕೊಳ್ಳುತ್ತಿದ್ದಾಳೆ. ಎಣ್ಣೆ ಬಿಸಿ ಮಾಡಿ ತಿಕ್ಕಬೇಕು. ಏಳುತ್ತೇನೆ.