ವಾಟ್ಸಾಪ್ ಮಾಡ್ತೀನಿ ಅಂದ್ರೆ ಈಗ ನಾನೇ ಬೇಡ ಅಂತೀನಿ

ತಿಪಟೂರಿನ ಒಂದು ಸಣ್ಣ ಪ್ರಿಂಟಿಂಗ್ ಅಂಗಡಿಯಲ್ಲಿ ನನ್ನದು ಡಿಟಿಪಿ ಕೆಲಸ. ಲಗ್ನಪತ್ರಿಕೆ, ವಿಸಿಟಿಂಗ್ ಕಾರ್ಡ್, ಫೋಟೋ ಫ್ರೇಮು, ಮಧ್ಯೆ ಮಧ್ಯೆ ಜೆರಾಕ್ಸ್. ಸೇರುವಾಗ ಡಿಸೈನ್ ಮಾಡೋದೇ ಕೆಲಸ ಅಂದುಕೊಂಡಿದ್ದೆ. ಆದರೆ ಗಿರಾಕಿಯ ಫೋನಿನಲ್ಲಿರುವುದನ್ನು ನಮ್ಮ ಕಂಪ್ಯೂಟರಿಗೆ ಇಳಿಸಿಕೊಳ್ಳುವುದರಲ್ಲೇ ಅರ್ಧ ದಿನ ಕಳೆದುಹೋಗುತ್ತದೆ.

ಮೊದಲ ಪೆಟ್ಟು ಬಿದ್ದದ್ದು ಒಂದು ಶ್ರದ್ಧಾಂಜಲಿ ಫೋಟೋದಲ್ಲಿ. ತೀರಿಕೊಂಡವರ ಒಂಟಿ ಫೋಟೋ ಇರಲಿಲ್ಲ. ಗೃಹಪ್ರವೇಶದ ಗುಂಪು ಫೋಟೋ ಒಂದನ್ನು ವಾಟ್ಸಾಪಿನಲ್ಲಿ ಕಳಿಸಿದರು. ಮುಖ ಕತ್ತರಿಸಿ, ಹಿಂದಿನದನ್ನು ಅಳಿಸಿ, 12×18 ಇಂಚಿಗೆ ಹಿಗ್ಗಿಸಿ ಕೊಟ್ಟೆ. ಸಂಜೆಗೆ ಫ್ರೇಮ್ ಸಮೇತ ವಾಪಸ್ ಬಂತು. "ಇದು ನಮ್ಮಪ್ಪ ಅಂತ ನಮಗೇ ಗೊತ್ತಾಗ್ತಿಲ್ಲ" ಅಂದರು. ತಪ್ಪು ಹುಡುಕಿದರೆ ಲೆಕ್ಕ ಸುಲಭವಾಗಿಯೇ ಇತ್ತು. ಸಾಧಾರಣ ಫೋನಿನ 12 ಮೆಗಾಪಿಕ್ಸೆಲ್ ಫೋಟೋ ಉದ್ದಕ್ಕೆ 4000 ಪಿಕ್ಸೆಲ್, ಅಂದರೆ ಅಷ್ಟು ಚುಕ್ಕಿ, ಇರುತ್ತದೆ. ವಾಟ್ಸಾಪಿನಲ್ಲಿ ಮಾಮೂಲಿಯಾಗಿ ಕಳಿಸಿದರೆ ಅದು 1600ರ ಆಸುಪಾಸಿಗೆ ಇಳಿಯುತ್ತದೆ. ಗುಂಪು ಫೋಟೋದಲ್ಲಿ ಒಂದು ಮುಖಕ್ಕೆ ಸಿಗುವುದು ಎಂಟನೇ ಒಂದು ಪಾಲು ಅಂತಿಟ್ಟುಕೊಳ್ಳಿ. ಮೂಲ ಫೋಟೋದಲ್ಲಿ 500 ಪಿಕ್ಸೆಲ್ ಇದ್ದ ಮುಖ ನನ್ನ ಕೈಗೆ ಬರುವಾಗ 200. ಅದನ್ನು ಹಿಗ್ಗಿಸಿದರೆ ಮಂಜಿನಲ್ಲಿ ನಿಂತ ಹಾಗೇ ಕಾಣೋದು.

ಡಾಕ್ಯುಮೆಂಟ್ ಅಂತ ಆರಿಸಿ ಕಳಿಸಿದರೆ ವಾಟ್ಸಾಪ್ ಫೋಟೋವನ್ನು ಕುಗ್ಗಿಸುವುದಿಲ್ಲ, ನಿಜ. ಆದರೆ ಕೌಂಟರಿನ ಮುಂದೆ ನಾಲ್ಕು ಜನ ನಿಂತಿರುವಾಗ ಅದನ್ನು ಪ್ರತಿಯೊಬ್ಬರಿಗೂ ಹೇಳಿಕೊಡೋಕೆ ಆಗುತ್ತಾ? ಫೋನ್ ಇಲ್ಲೇ ಇದೆ, ಕಂಪ್ಯೂಟರ್ ಮೂರಡಿ ದೂರದಲ್ಲಿದೆ. ನಡುವೆ ಇಂಟರ್ನೆಟ್ ಯಾಕೆ ಬೇಕು?

ನನಗಿಂತ ಮುಂಚೆ ಇಲ್ಲಿ ಶೇರ್‌ಇಟ್ ನಡೆಯುತ್ತಿತ್ತಂತೆ. 2020ರ ಜೂನ್ 29ರಂದು ಸರ್ಕಾರ 59 ಆ್ಯಪ್‌ಗಳನ್ನು ನಿಷೇಧಿಸಿದಾಗ ಅದೂ ಹೋಯಿತು, ಕ್ಸೆಂಡರ್ ಕೂಡ ಹೋಯಿತು. ಆಮೇಲೆ ಬ್ಲೂಟೂತ್. ಅದರ ವೇಗ ಸೆಕೆಂಡಿಗೆ 2 ಮೆಗಾಬಿಟ್ ಅಂದರೂ 600 ಎಂಬಿಯ ಒಂದು ವಿಡಿಯೊಗೆ 40 ನಿಮಿಷ. ಐಫೋನ್ ಆದರೆ ಬ್ಲೂಟೂತಿನಲ್ಲಿ ಹಾಗೆ ಫೈಲ್ ಕೊಡುವುದೇ ಇಲ್ಲ.

ಈಗ ಆಂಡ್ರಾಯ್ಡ್‌ನವರಿಗೆ ಕ್ವಿಕ್ ಶೇರ್. ಹೆಚ್ಚಿನ ಫೋನ್‌ಗಳಲ್ಲಿ ಅದು ಮೊದಲೇ ಇರುತ್ತದೆ. 2020ರಲ್ಲಿ ಗೂಗಲ್‌ನಿಂದ ನಿಯರ್‌ಬೈ ಶೇರ್ ಅಂತ ಬಂದದ್ದು, 2024ರಲ್ಲಿ ಸ್ಯಾಮ್‌ಸಂಗ್‌ನದರ ಜೊತೆ ಸೇರಿ ಈ ಹೆಸರಾಯಿತು. ಹತ್ತಿರದಲ್ಲಿ ಯಾರಿದ್ದಾರೆ ಅಂತ ಬ್ಲೂಟೂತ್ ಹುಡುಕುತ್ತದೆ, ಸಾಮಾನು ಹೊರುವುದು ವೈಫೈ. ನಮ್ಮ ಹಳೆ ಕಂಪ್ಯೂಟರಿನಲ್ಲಿ ಎರಡೂ ಇರಲಿಲ್ಲ. ಒಂದು ಯುಎಸ್‌ಬಿ ಡಾಂಗಲ್ ಸಿಕ್ಕಿಸಿದ ಮೇಲೆ ಸರಿಹೋಯಿತು. ಐಫೋನಿನ ಏರ್‌ಡ್ರಾಪ್ ಚೆನ್ನಾಗಿದೆ, ಆದರೆ ನಮ್ಮ ವಿಂಡೋಸ್ ಕಂಪ್ಯೂಟರಿನ ಕಡೆ ತಿರುಗಿ ನೋಡಲ್ಲ. 2025ರ ನವೆಂಬರ್‌ನಲ್ಲಿ ಗೂಗಲ್ ತನ್ನ ಪಿಕ್ಸೆಲ್ 10 ಫೋನಿನಿಂದ ಶುರುಮಾಡಿ ಕ್ವಿಕ್ ಶೇರ್ ಮತ್ತು ಏರ್‌ಡ್ರಾಪ್ ಮಾತಾಡಿಕೊಳ್ಳುವ ಹಾಗೆ ಮಾಡಿದೆ. ನಮ್ಮ ಕೌಂಟರಿಗೆ ಆ ಫೋನ್ ಇನ್ನೂ ಬಂದಿಲ್ಲ ಬಿಡಿ. ಹಾಗಾಗಿ ನಮ್ಮ ಕಂಪ್ಯೂಟರಿಗೆ ಕಳಿಸೋಕೆ ಐಫೋನಿನವರಿಗೆ ಲೋಕಲ್‌ಸೆಂಡ್. ಪುಕ್ಕಟೆ ಆ್ಯಪು, ಎರಡೂ ಕಡೆ ಒಂದೇ ವೈಫೈ ಇದ್ದರೆ ಸಾಕು.

ಈ "ಒಂದೇ ವೈಫೈ" ಅನ್ನೋದೇ ನನ್ನನ್ನು ಎರಡು ದಿನ ಆಟ ಆಡಿಸಿತು. ಗಿರಾಕಿಗಳಿಗೆ ಅಂಗಡಿಯ ಪಾಸ್‌ವರ್ಡ್ ಯಾಕೆ ಅಂತ ರೂಟರಿನಲ್ಲಿ ಒಂದು ಗೆಸ್ಟ್ ನೆಟ್‌ವರ್ಕ್ ಮಾಡಿಟ್ಟಿದ್ದೆ. ಯೂಟ್ಯೂಬ್ ಓಡುತ್ತೆ, ಎಲ್ಲ ಓಡುತ್ತೆ, ಲೋಕಲ್‌ಸೆಂಡಿನಲ್ಲಿ ಮಾತ್ರ ಕಂಪ್ಯೂಟರ್ ಕಾಣಲ್ಲ. ಆ್ಯಪನ್ನು ಮೂರು ಸಲ ತೆಗೆದು ಹಾಕಿದೆ. ಫೋನಿಗೆ ಬೈದೆ. ಕೊನೆಗೆ ಗೊತ್ತಾಯಿತು, ಗೆಸ್ಟ್ ನೆಟ್‌ವರ್ಕಿನ ಕೆಲಸವೇ ಅದು. ಒಳಗೆ ಬಂದವರು ಹೊರಗಿನ ಇಂಟರ್ನೆಟ್ ನೋಡಬಹುದು, ಪಕ್ಕದ ಯಂತ್ರವನ್ನು ನೋಡುವಂತಿಲ್ಲ. ಬೇಡ ಅಂತ ಗೋಡೆ ಕಟ್ಟಿದವನು ನಾನೇ, ಯಾರೂ ಕಾಣ್ತಿಲ್ಲ ಅಂತ ಕೂಗಾಡಿದವನೂ ನಾನೇ. ಅದನ್ನು ಸರಿಮಾಡಿದರೂ ಕಾಣಲಿಲ್ಲ. ವಿಂಡೋಸ್ ಆ ನೆಟ್‌ವರ್ಕನ್ನು ಪಬ್ಲಿಕ್ ಅಂತ ಗುರುತಿಸಿಕೊಂಡು ತನ್ನ ಕಾವಲುಗಾರ ಫೈರ್‌ವಾಲನ್ನು ಅಡ್ಡ ಹಾಕಿತ್ತು. ಪ್ರೈವೇಟ್ ಮಾಡಿದೆ, ಹೆಸರು ತಟ್ಟನೆ ಬಂತು.

ಕರೆಂಟ್ ಹೋಗಿ ರೂಟರ್ ಸತ್ತಾಗ ಗಿರಾಕಿಯ ಹಾಟ್‌ಸ್ಪಾಟ್ ಆನ್ ಮಾಡಿಸಿ ಲ್ಯಾಪ್‌ಟಾಪ್ ಜೋಡಿಸುತ್ತೇನೆ. "ನನ್ನ ನೆಟ್ ಖಾಲಿ ಆಗಲ್ವಾ?" ಅಂತ ಎಲ್ಲರೂ ಕೇಳುತ್ತಾರೆ. ಫೈಲ್ ಬರೋದಕ್ಕೆ ನೆಟ್ ಖರ್ಚಾಗಲ್ಲ. ಆದರೆ ಲ್ಯಾಪ್‌ಟಾಪ್ ಸಂದಿ ಸಿಕ್ಕಿದ್ದೇ ಅಪ್‌ಡೇಟ್ ಎಳೆಯೋಕೆ ಶುರುಮಾಡಬಹುದು, ಅದಕ್ಕೇ ಕೆಲಸ ಮುಗಿದ ತಕ್ಷಣ ಬಿಡಿಸಿಬಿಡುತ್ತೇನೆ.

ಎರಡನೇ ಪೆಟ್ಟು ಇನ್ನೂ ಕೆಟ್ಟದ್ದು. ಒಬ್ಬರಿಗೆ ಲಗ್ನಪತ್ರಿಕೆಯ ಪ್ರೂಫ್ ಕಳಿಸಬೇಕಿತ್ತು. ಪಟ್ಟಿಯಲ್ಲಿ ರೆಡ್ಮಿ ಅಂತ ಎರಡು ಹೆಸರು. ಮೇಲಿನದನ್ನು ಒತ್ತಿದೆ. ಅದು ಮಾರ್ಕ್ಸ್ ಕಾರ್ಡ್ ಜೆರಾಕ್ಸಿಗೆ ಬಂದಿದ್ದ ಹುಡುಗನ ಫೋನು. ಅವನೂ ಸುಮ್ನೆ ಅಕ್ಸೆಪ್ಟ್ ಒತ್ತಿದ್ದ. "ಸಾರ್, ನಂಗೆ ಯಾರದ್ದೋ ಮದುವೆ ಬಂತು" ಅಂದ! ಎಲ್ಲರೂ ನಕ್ಕರು, ಅವನು ಅಳಿಸಿದ. ನನಗೆ ನಗು ಬರಲಿಲ್ಲ. ಅದೇ ಜಾಗದಲ್ಲಿ ಯಾರದ್ದಾದರೂ ಆಧಾರ್ ಇದ್ದಿದ್ದರೆ? ಅವತ್ತು ಸಂಜೆ ಡೌನ್‌ಲೋಡ್ಸ್ ಫೋಲ್ಡರ್ ತೆರೆದೆ. ಆಧಾರ್, ಪ್ಯಾನ್, ಪಾಸ್‌ಬುಕ್, ಪಹಣಿ, ತಿಂಗಳುಗಟ್ಟಲೆಯದು ಹಾಗೇ ಬಿದ್ದಿತ್ತು. ಅರ್ಧ ಊರಿನ ಕಾಗದಪತ್ರ ನಮ್ಮ ಕಂಪ್ಯೂಟರಿನಲ್ಲಿ! ಈಗ ಗುರುತಿನ ಚೀಟಿ ಪ್ರಿಂಟ್ ಆದ ಮರುಕ್ಷಣ ಗಿರಾಕಿಯ ಎದುರಿಗೇ ಅಳಿಸುತ್ತೇನೆ, ರೀಸೈಕಲ್ ಬಿನ್ನಿನಿಂದಲೂ. ಕಳಿಸುವ ಮುಂಚೆ ಫೋನಿನ ಹೆಸರು ಕೇಳುತ್ತೇನೆ, ಪಿನ್ ಬಂದರೆ ಎರಡೂ ಪರದೆಯಲ್ಲಿ ಒಂದೇನಾ ಅಂತ ನೋಡುತ್ತೇನೆ. ನಮ್ಮ ಕಂಪ್ಯೂಟರಿಗೆ "ಪ್ರಿಂಟ್ ಕೌಂಟರ್ 1" ಅಂತ ಹೆಸರಿಟ್ಟಿದ್ದೇನೆ.

ಹೋದ ತಿಂಗಳು ಒಬ್ಬರು ಅಜ್ಜಿಯ ಫೋಟೋ ಹಿಡಿದು ಬಂದರು. ಫ್ಯಾಮಿಲಿ ಗ್ರೂಪಿನಲ್ಲಿ ಬಂದದ್ದು, ಮತ್ತದೇ ಮಂಜು. "ಇದನ್ನ ತೆಗೆದಿದ್ದು ಯಾರ ಫೋನಲ್ಲಿ?" ಅಂತ ಕೇಳಿದೆ. ಯೋಚಿಸಿ, ಅಕ್ಕನ ಮಗನಿಗೆ ಫೋನ್ ಹಚ್ಚಿದರು. ಹುಡುಗ ನೊಣವಿನಕೆರೆಯಿಂದ ಬೈಕಿನಲ್ಲಿ ಬಂದ. ಗ್ಯಾಲರಿಯಲ್ಲಿ ಒಂದೂವರೆ ವರ್ಷ ಹಿಂದಕ್ಕೆ ಹೋಗಿ ಹುಡುಕಿ, ಕ್ವಿಕ್ ಶೇರಿನಲ್ಲಿ ಹಾಕಿದ. ಎರಡು ಸೆಕೆಂಡಾಗಿರಬಹುದು. ಪರದೆ ಮೇಲೆ ದೊಡ್ಡದು ಮಾಡಿದೆ. ಬೇಸರಿ ಮೂಗುತಿಯ ಒಂದೊಂದು ಹರಳೂ ಬೇರೆಬೇರೆಯಾಗಿ ಕಾಣುತ್ತಿತ್ತು. ಅವರು ಕುರ್ಚಿ ಎಳೆದುಕೊಂಡು ಹತ್ತಿರ ಕೂತು ಎಣಿಸಿದರು.

"ಏಳು. ಒಂದು ಬಿದ್ದುಹೋಗಿತ್ತು ಅಂತಿದ್ರು, ಆ ಖಾಲಿ ಜಾಗವೂ ಕಾಣ್ತಿದೆ ನೋಡಿ."