ಟಿಕೆಟ್ ಬೇಡ ಎಂದರೂ ಬಾರದವರು

ಬಾಗಲಕೋಟೆಯ ಒಂದು ಈಜುಕೊಳದಲ್ಲಿ ನಾನು ಈಜು ಕಲಿಸುತ್ತೇನೆ. ಹನ್ನೊಂದು ವರ್ಷ ಆಯಿತು. ಬೆಳಿಗ್ಗೆ ಐದೂವರೆಗೆ ಹೋಗಿ ನೀರಿನ ಕ್ಲೋರಿನ್ ನೋಡಬೇಕು, ಗೇಟಿನ ಹತ್ತಿರ ರಿಜಿಸ್ಟರ್ ತೆರೆದಿಡಬೇಕು, ರಾತ್ರಿ ಅದನ್ನು ಮುಚ್ಚಿ ಬೀಗ ಹಾಕಬೇಕು. ಆ ರಿಜಿಸ್ಟರ್ ನನಗೊಂದು ಪಾಠ ಕಲಿಸಿತು. ಅದನ್ನು ಹೇಳಬೇಕು ಅಂತ ಬಹಳ ದಿನದಿಂದ ಇತ್ತು.

ಕೆಲವು ವರ್ಷಗಳ ಹಿಂದೆ ಒಂದು ಬೇಸಿಗೆಯಲ್ಲಿ, ಹದಿನಾರರ ಒಳಗಿನ ಮಕ್ಕಳಿಗೂ ಅರವತ್ತು ದಾಟಿದವರಿಗೂ ಎರಡು ತಿಂಗಳು ಟಿಕೆಟ್ ಬೇಡ ಎಂದು ತೀರ್ಮಾನ ಆಯಿತು. ನನಗೆ ಆದ ಖುಷಿ ಅಷ್ಟಿಷ್ಟಲ್ಲ. ನಮ್ಮ ಊರಿನ ಸುತ್ತ ಎಲ್ಲಿ ನೋಡಿದರೂ ನೀರು. ಆಲಮಟ್ಟಿಯ ಹಿನ್ನೀರು ಹಳೇ ಊರಿನ ಎಷ್ಟೋ ಓಣಿಗಳನ್ನು ನುಂಗಿದೆ. ಹಾಗೆ ಮನೆ ಕಳೆದುಕೊಂಡವರಿಗಾಗಿಯೇ ನವನಗರ ಕಟ್ಟಿದ್ದು. ಘಟಪ್ರಭೆ ಇದೆ, ಮುಚಖಂಡಿ ಕೆರೆ ಇದೆ. ಇಷ್ಟು ನೀರಿನ ನಡುವೆ ಬೆಳೆದರೂ ಈಸು ಬಾರದ ಮಕ್ಕಳೇ ಜಾಸ್ತಿ. ನಮ್ಮ ಅಜ್ಜಂದಿರಿಗೆ ಹೊಲದ ಬಾವಿ ಇತ್ತು. ಬೆನ್ನಿಗೆ ಒಣಗಿದ ಸೋರೆಬುರುಡೆಯನ್ನೋ ಡಬ್ಬಿಯನ್ನೋ ಕಟ್ಟಿ ಸೋದರಮಾವ ನೀರಿಗೆ ತಳ್ಳುತ್ತಿದ್ದ. ವಾರದಲ್ಲಿ ಈಸು ಬರುತ್ತಿತ್ತು. ಈಗ ಬಾವಿಗಳಲ್ಲಿ ಕಸ ತುಂಬಿದೆ, ಸೋದರಮಾವ ಬೆಂಗಳೂರಿನಲ್ಲೋ ಪುಣೆಯಲ್ಲೋ ಇದ್ದಾನೆ. ಹಾಗಾಗಿ ಕೊಳದ ಬಾಗಿಲು ತೆರೆದರೆ ಊರಿನ ಮಕ್ಕಳೆಲ್ಲ ನೀರಿಗಿಳಿಯುತ್ತಾರೆ ಎಂದೇ ನಂಬಿದ್ದೆ.

ಜನ ಬಂದರು. ಸಾಲು ಗೇಟಿನಾಚೆಗೂ ಹೋಯಿತು. ರಿಜಿಸ್ಟರಿನ ಪುಟಗಳು ದಿನಾ ತುಂಬುತ್ತಿದ್ದವು. ನಾನು ಲೆಕ್ಕ ಕೂಡಿಸಿ ಮೇಲಿನವರಿಗೆ ಕಳಿಸಿದೆ, ಅವರಿಗೂ ಸಂತೋಷ ಆಯಿತು.

ಜೂನ್‌ನಲ್ಲಿ ಮಳೆ ಹಿಡಿದು ಕೊಳ ಖಾಲಿ ಇದ್ದ ಒಂದು ಮಧ್ಯಾಹ್ನ ಸುಮ್ನೆ ಆ ರಿಜಿಸ್ಟರ್ ತಿರುವಿ ಹಾಕುತ್ತಾ ಕುಳಿತಿದ್ದೆ. ಮೊದಲು ಹಾಜರಿ ನೋಡಿದ್ದೆ. ಆ ದಿನ ಹೆಸರು ನೋಡಿದೆ. ಓದುತ್ತಾ ಹೋದಂತೆ ಎಲ್ಲ ಪರಿಚಯದ ಮುಖಗಳೇ ಕಣ್ಮುಂದೆ ಬಂದವು. ವಾರಕ್ಕೆ ಎರಡು ಸಲ ಬರುತ್ತಿದ್ದ ಹುಡುಗ ಈಗ ದಿನಕ್ಕೆ ಎರಡು ಸಲ ಬಂದಿದ್ದ. ಬೆಳಗಿನ ಬ್ಯಾಚಿನ ಹಿರಿಯರು ಮೊದಲು ಪಾಸ್ ತೋರಿಸಿ ಬರುತ್ತಿದ್ದರು, ಈಗ ಹಾಗೇ ಬಂದಿದ್ದರು. ಹೊಸ ಹೆಸರುಗಳೂ ಇದ್ದವು. ಆದರೆ ಹೆಚ್ಚಿನವು ಒಂದು ಸಲ, ಎರಡು ಸಲ ಕಾಣಿಸಿ ಮಾಯವಾಗಿದ್ದವು. ಕೊಳದ ಹಿಂದಿನ ಓಣಿಯ ಮಕ್ಕಳ ಹೆಸರು ಹುಡುಕಿದೆ. ಸಿಗಲಿಲ್ಲ. ಹೆಣ್ಣುಮಕ್ಕಳ ಹೆಸರಂತೂ ಬೆರಳೆಣಿಕೆ.

ಇನ್ನೊಂದು ವಿಷಯ ಅವತ್ತೇ ಹೊಳೆದದ್ದು. ದುಡ್ಡು ಕೊಟ್ಟು ನಿಯಮಿತವಾಗಿ ಬರುತ್ತಿದ್ದ ನಡುವಯಸ್ಸಿನ ಕೆಲವರು ಮೇ ತಿಂಗಳಲ್ಲಿ ಬರುವುದನ್ನೇ ಬಿಟ್ಟಿದ್ದರು. ಅಷ್ಟು ಗದ್ದಲದಲ್ಲಿ ಉದ್ದಕ್ಕೆ ಒಂದು ಸುತ್ತು ಈಜಲು ಜಾಗ ಎಲ್ಲಿ ಸಿಗಬೇಕು? ಒಬ್ಬರು ಬಂದದ್ದು ಮಾತ್ರ ರಿಜಿಸ್ಟರಿಗೆ ಗೊತ್ತಾಗುತ್ತದೆ, ಅವರಿಂದಾಗಿ ಇನ್ನೊಬ್ಬರು ಹೋದದ್ದು ಗೊತ್ತಾಗುವುದಿಲ್ಲ, ಅಲ್ವಾ?

ಬೇರೆ ಕಡೆ ಏನಾಗಿದೆ ಎಂದು ಓದಲು ಶುರು ಮಾಡಿದೆ. ಇಂಗ್ಲೆಂಡಿನಲ್ಲಿ ಇದೇ ಕೆಲಸ ದೊಡ್ಡದಾಗಿ ನಡೆದಿತ್ತು. 2012ರ ಲಂಡನ್ ಒಲಿಂಪಿಕ್ಸ್ ನೆಪದಲ್ಲಿ ಜನರನ್ನು ಆಟಕ್ಕೆ ಎಳೆಯಬೇಕು ಎಂದು 2009ರ ಏಪ್ರಿಲ್‌ನಲ್ಲಿ ಉಚಿತ ಈಜು ಯೋಜನೆ ತಂದರು. ವಯಸ್ಸಿನ ಮಿತಿಯೂ ನಮ್ಮ ಹಾಗೇ, ಹದಿನಾರು ಮತ್ತು ಅರವತ್ತು. ಅದಕ್ಕೆ 14 ಕೋಟಿ ಪೌಂಡ್ ಎತ್ತಿಟ್ಟಿದ್ದರು. 2010ರ ಜುಲೈ ಕೊನೆಗೆ ನಿಲ್ಲಿಸಿಬಿಟ್ಟರು. ಬಂದವರಲ್ಲಿ ಹೆಚ್ಚಿನವರು ಮೊದಲೇ ಈಜುತ್ತಿದ್ದವರು, ದುಡ್ಡು ಕೊಟ್ಟಾದರೂ ಬರುತ್ತಿದ್ದರು ಎಂಬುದು ಆಗಿನ ಕ್ರೀಡಾ ಸಚಿವ ಹ್ಯೂ ರಾಬರ್ಟ್‌ಸನ್ ಕೊಟ್ಟ ಕಾರಣ. ಪಕ್ಕದ ವೇಲ್ಸ್‌ನಲ್ಲಿ ಇಂಥದೇ ಯೋಜನೆ ಅದಕ್ಕಿಂತ ಹಳೆಯದು, ಬಹಳ ವರ್ಷ ನಡೆಯಿತು. ಅಲ್ಲೂ 2019ರಲ್ಲಿ ಅದರ ಹಣವನ್ನು 30 ಲಕ್ಷ ಪೌಂಡಿನಿಂದ 15 ಲಕ್ಷಕ್ಕೆ ಇಳಿಸಿದರು.

ಅವರ ರಿಜಿಸ್ಟರಿನಲ್ಲೂ ನನ್ನ ರಿಜಿಸ್ಟರಿನ ಕಥೆಯೇ ಇತ್ತು. ಆದರೆ ಇಂಗ್ಲೆಂಡಿನವರು ಮುಚ್ಚಿದ್ದು ಸರಿ ಎಂದು ನನಗೆ ಅನ್ನಿಸುವುದಿಲ್ಲ. ನೀರಿನ ಹೆದರಿಕೆ ಬಿಟ್ಟು ಈಜಿನ ರುಚಿ ಹತ್ತಲು ಹದಿನಾರು ತಿಂಗಳು ಎಲ್ಲಿಗೆ ಸಾಕು? ಬಾರದವರು ಯಾಕೆ ಬರಲಿಲ್ಲ ಎಂದು ಹೋಗಿ ಕೇಳಬೇಕಿತ್ತು. ನಾನೂ ಕೇಳಿರಲಿಲ್ಲ. ಅದು ನನ್ನ ತಪ್ಪು.

ಮುಂದಿನ ಬೇಸಿಗೆಯಲ್ಲಿ ಕೇಳಿದೆ. ಒಬ್ಬ ಹುಡುಗ ದಿನಾ ಸಂಜೆ ತಂತಿ ಬೇಲಿಯ ಕಣ್ಣುಗಳಲ್ಲಿ ಬೆರಳು ಸಿಕ್ಕಿಸಿಕೊಂಡು ನಿಂತು ನೋಡುತ್ತಿದ್ದ. ಒಂಬತ್ತೋ ಹತ್ತೋ ವರ್ಷ ಇರಬೇಕು. ಕರೆದೆ. "ಫ್ರೀ ಐತೋ, ಬಾ ಒಳಗ." ಅವನು ತಲೆ ತಗ್ಗಿಸಿ ಕಾಲಿನಿಂದ ಮಣ್ಣು ಕೆದರಿದ. "ಗೊತ್ತೈತ್ರಿ. ಆ ಚಡ್ಡಿ ಇಲ್ರಿ."

ಆ ಚಡ್ಡಿ ಅಂದರೆ ಈಜುಡುಗೆ. ನಮ್ಮಲ್ಲಿ ನೈಲಾನ್ ಬಟ್ಟೆ, ತಲೆಗೆ ಟೋಪಿ ಕಡ್ಡಾಯ. ಈ ನಿಯಮಕ್ಕೆ ಕಾರಣ ಇದೆ. ಹತ್ತಿ ಬಟ್ಟೆಯ ಬಣ್ಣ ಬಿಡುತ್ತದೆ, ಎಳೆ ಹೋಗಿ ಫಿಲ್ಟರಿನಲ್ಲಿ ಕೂರುತ್ತದೆ, ಕೂದಲೂ ಅಷ್ಟೇ. ಆದರೆ ಟಿಕೆಟ್ ಬಿಟ್ಟ ನಮಗೆ ಈ ಚಡ್ಡಿ, ಟೋಪಿಯ ಖರ್ಚು ನೆನಪೇ ಆಗಿರಲಿಲ್ಲ. ಎರಡೂ ಕೊಳ್ಳಲು ಬೇಕಾದ ದುಡ್ಡಿನಲ್ಲಿ ಎಷ್ಟೋ ದಿನದ ಟಿಕೆಟ್ ಬರುತ್ತದೆ. ಅವತ್ತು ಒಗೆದಿಟ್ಟಿದ್ದ ಒಂದು ಹಳೇ ನೈಲಾನ್ ಚಡ್ಡಿ ಕೊಟ್ಟೆ. ಸೊಂಟಕ್ಕೆ ಸಡಿಲ ಆಯಿತು. ಲಾಡಿಯನ್ನು ಎರಡು ಸುತ್ತು ಸುತ್ತಿ ಕಟ್ಟಿಕೊಂಡು ಬಂದ. ಮರುದಿನ ಅವನ ಜೊತೆ ಇನ್ನೂ ಮೂವರು ಬೇಲಿ ಬಿಟ್ಟು ಗೇಟಿಗೆ ಬಂದರು.

ಹೆಣ್ಣುಮಕ್ಕಳ ಕಥೆ ಬೇರೆ. ನವನಗರದ ಒಬ್ಬ ತಾಯಿ ನೇರವಾಗಿ ಹೇಳಿದರು, "ರೊಕ್ಕದ ಮಾತಲ್ರಿ ಸರ. ರಸ್ತೆದಾಗ ಹೋಗಾವ್ರೆಲ್ಲಾ ನೋಡ್ತಾರ್ರಿ." ಬೇಲಿಗೆ ಹಸಿರು ನೆಟ್ ಕಟ್ಟಿಸಿದೆವು. ಮಧ್ಯಾಹ್ನ ಒಂದು ತಾಸು ಹೆಂಗಸರಿಗೆ ಮೀಸಲಿಟ್ಟೆವು. ಆ ತಾಸಿಗೆ ಈಜು ಬರುವ ಒಬ್ಬ ಕಾಲೇಜು ಹುಡುಗಿ ಬಂದು ನಿಂತಳು, ನಾವು ಗಂಡಸರು ಹೊರಗೆ. ಮೈ ಮುಚ್ಚುವ, ತೋಳು ಉದ್ದದ ನೈಲಾನ್ ಉಡುಪು ಹಾಕಬಹುದು ಎಂದು ಬೋರ್ಡಿನ ಮೇಲೆ ಬರೆದೆವು. ಆ ತಾಯಿ ಮಗಳನ್ನು ಕರೆದುಕೊಂಡು ಬಂದರು. ಮಗಳು ನೀರಿಗಿಳಿದಳು, ತಾಯಿ ಮೂರು ದಿನ ಮೆಟ್ಟಿಲ ಮೇಲೆ ಕೂತರು. ನಾಲ್ಕನೇ ದಿನ ತಾವೂ ಇಳಿದರು. ಮೊದಲ ಪಾಠ ಎಲ್ಲರಿಗೂ ಒಂದೇ. ಅಂಚು ಹಿಡಿದು ಮುಖ ನೀರಿನೊಳಗೆ ಇಟ್ಟು ಮೂಗಿನಿಂದ ಗುಳ್ಳೆ ಬಿಡುವುದು. ಆ ಕಾಲೇಜು ಹುಡುಗಿ ಆಮೇಲೆ ಹೇಳಿದಳು, ತಾಯಿ ಅಂಚು ಹಿಡಿದಿದ್ದ ಕೈಯ ಗೆಣ್ಣುಗಳು ಬೆಳ್ಳಗಾಗಿದ್ದವಂತೆ, ಗುಳ್ಳೆ ಬರುವಷ್ಟರಲ್ಲಿ ಒಂದು ವಾರ ಹೋಯಿತಂತೆ.

ಆ ಒಂದು ವಾರ ಬಹಳ ಮುಖ್ಯ. ಈಜು ಬಾರದವನಿಗೆ ಫ್ರೀ ಟಿಕೆಟ್ ಕೊಟ್ಟರೆ ಅವನು ಸೊಂಟದ ನೀರಿನಲ್ಲಿ ನಿಂತು, ನಾಲ್ಕು ಸಲ ನೀರೆರಚಿ, ಚಳಿ ಹತ್ತಿ ಮನೆಗೆ ಹೋಗುತ್ತಾನೆ. ರಿಜಿಸ್ಟರಿನಲ್ಲಿ ಒಂದು ಸಲ ಕಂಡು ಮಾಯವಾದ ಹೆಸರುಗಳು ಅವೇ. ಕಲಿಸುವವರು ಇದ್ದ ಮಕ್ಕಳು ಮಾತ್ರ ಉಳಿದರು. ಟಿಕೆಟ್ ಮತ್ತೆ ಶುರುವಾದ ಮೇಲೂ ಕೆಲವರು ಬಂದರು. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಕೆರೆಯೊಳಗೆ ಬಿದಿರಿನ ಅಟ್ಟಣಿಗೆ ಕಟ್ಟಿ ಮಕ್ಕಳಿಗೆ ಈಜು ಕಲಿಸುತ್ತಾರೆ. 25 ಮೀಟರ್ ಈಜಬೇಕು, ಸ್ವಲ್ಪ ಹೊತ್ತು ತೇಲಿ ನಿಲ್ಲಬೇಕು, ಆಗಲೇ ಕಲಿತಂತೆ. ಅಲ್ಲಿ ಟೈಲ್ಸ್ ಇಲ್ಲ, ಫಿಲ್ಟರ್ ಇಲ್ಲ, ಕಲಿಸುವವರು ಇದ್ದಾರೆ. 2021ರಲ್ಲಿ ಪ್ರಪಂಚದಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಅದರಲ್ಲಿ ಮಕ್ಕಳು ಬಹಳ. ಹಿನ್ನೀರಿನ ದಂಡೆಯಲ್ಲಿ ಇರುವ ನಾನು ಈ ಅಂಕಿಯನ್ನು ಓದಿ ಸುಮ್ಮನೆ ಮುಂದೆ ಹೋಗಲು ಆಗುವುದಿಲ್ಲ.

ಈಗ ನನ್ನ ರಿಜಿಸ್ಟರಿನಲ್ಲಿ ಮೂರು ಕಾಲಂ ಜಾಸ್ತಿ ಇವೆ. ಮೊದಲು ಈಜಿದ್ದೀರಾ? ಯಾವ ಓಣಿ? ಕಳೆದ ವಾರ ಬಂದಿದ್ದಿರಾ? ವರದಿ ಕಳಿಸುವಾಗ ಒಟ್ಟು ಹಾಜರಿಯನ್ನು ಕೆಳಗೆ ಬರೆಯುತ್ತೇನೆ. ಮೇಲೆ ಬರೆಯುವುದು, ಈ ತಿಂಗಳು ಮೊದಲ ಸಲ ನೀರಿಗಿಳಿದವರು ಎಷ್ಟು, ಅವರಲ್ಲಿ ಐದನೇ ಸಲವೂ ಬಂದವರು ಎಷ್ಟು ಎಂದು. ಸಂಖ್ಯೆ ಚಿಕ್ಕದು. ಮೇಲಿನವರು ಒಮ್ಮೊಮ್ಮೆ "ಇಷ್ಟೇನಾ?" ಎನ್ನುತ್ತಾರೆ. ಹೌದು, ಇಷ್ಟೇ, ಆದರೆ ಇವರೆಲ್ಲ ಹೊಸಬರು ಎನ್ನುತ್ತೇನೆ.

ಈ ಏಪ್ರಿಲ್‌ಗೆ ಮತ್ತೆ ಉಚಿತ ಬೋರ್ಡ್ ಹಾಕುವವರಿದ್ದೇವೆ. ದಾನಿಗಳಿಂದ ಒಂದು ಚೀಲ ಚಡ್ಡಿ, ಟೋಪಿ ಬಂದಿವೆ, ಒಗೆದು ಅಳತೆ ಪ್ರಕಾರ ಜೋಡಿಸಿಟ್ಟಿದ್ದೇನೆ. ಆ ಕಾಲೇಜು ಹುಡುಗಿ ಮದುವೆಯಾಗಿ ಹುಬ್ಬಳ್ಳಿಗೆ ಹೋದಳು. ಮಧ್ಯಾಹ್ನದ ತಾಸಿಗೆ ಈಜು ಚೆನ್ನಾಗಿ ಬರುವ ಒಬ್ಬ ಹೆಣ್ಣುಮಗಳು ಬೇಕು. ಬಾಗಲಕೋಟೆ ಕಡೆ ಯಾರಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ.